ಸುಲೋಚನಾ ಟೀಚರ್ ಬರೆದ ಸನ್ಮಾನಪತ್ರ

ಸುಲೋಚನಾ ಟೀಚರ್ ಎದ್ದು ನಿಲ್ಲುತ್ತಿದ್ದದ್ದು ಎರಡೇ ಸಂದರ್ಭಗಳಲ್ಲಿ: ರಾಷ್ಟ್ರಗೀತೆ ಕೇಳಿದಾಗ, ಇಲ್ಲವೇ ಒಲೆಯ ಮೇಲೆ ಹಾಲು ಉಕ್ಕಿದಾಗ. ಮಿಕ್ಕಂತೆ ಯಾರೇ ಬರಲಿ, ದೊಡ್ಡ ಅಧಿಕಾರಿಯೇ ಬರಲಿ, ಮಂತ್ರಿಯೇ ಬರಲಿ, ಕೂತಲ್ಲಿಂದಲೇ ಕೈಮುಗಿದು "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಪಾಪ, ಮಂಡಿನೋವಿರಬೇಕು ಎಂದು ಹೊಸಬರು ಕನಿಕರಪಡುತ್ತಿದ್ದರು. ಮಂಡಿನೋವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ದೆಹಲಿಯ ವಸಂತ್ ಕುಂಜ್‌ನ ತಮ್ಮ ಮೂರನೇ ಮಹಡಿಯ ಫ್ಲ್ಯಾಟಿಗೆ ತರಕಾರಿ ಚೀಲ ಹೊತ್ತು ನನಗಿಂತ ಬೇಗ ಹತ್ತುತ್ತಿದ್ದ ಹೆಂಗಸು ಅವರು.

ಹರಿಹರದ ಕಡೆಯವರು. ಗಂಡನಿಗೆ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿ ದೆಹಲಿಗೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. "ಊರಿಗೆ ಹೋಗಿ ಏನ್ಮಾಡ್ಲಿ? ಅಲ್ಲಿ ಎಲ್ಲರಿಗೂ ಕನ್ನಡ ಬರತ್ತೆ" ಎನ್ನುತ್ತಿದ್ದರು. ಇಲ್ಲಿ ಬಾರದವರಿಗೆ ಬರವಿರಲಿಲ್ಲ. ನನ್ನ ಮಗಳು ಸಹನಾ ಶಾಲೆಯಿಂದ ಬಂದವಳೇ "ಅಮ್ಮಾ, ಹಸಿವು ಲಗ್ ರಹೀ ಹೈ" ಎಂದು ಕೂಗುತ್ತಿದ್ದಳು. ಅಂಥ ಮಕ್ಕಳನ್ನೆಲ್ಲ ಕಲೆಹಾಕಿ ಟೀಚರ್ ಪ್ರತಿ ಭಾನುವಾರ ಕನ್ನಡ ಪಾಠ ಹೇಳುತ್ತಿದ್ದರು.

ಪಾಠ ನಡೆಯುತ್ತಿದ್ದದ್ದು ನಮ್ಮ ರಾಜ್ಯದ ಒಬ್ಬ ಸಂಸದರ ಸರ್ಕಾರಿ ಬಂಗಲೆಯ ಗ್ಯಾರೇಜಿನಲ್ಲಿ. ನಮ್ಮ ಕನ್ನಡ ಸಂಘಕ್ಕೆ ಸ್ವಂತ ಸೂರಿರಲಿಲ್ಲ. ಸಂಘದ ಅಧ್ಯಕ್ಷ ಶ್ರೀಕಂಠಯ್ಯನವರು ಕೈಕಾಲು ಹಿಡಿದು ಆ ಜಾಗ ಗಿಟ್ಟಿಸಿದ್ದರು. ಸಂಸದರ ಹೆಸರು ಇಲ್ಲಿ ಬೇಡ. ಅಂಥವರು ಆಗಲೂ ಬೇಕಾದಷ್ಟು ಜನ ಇದ್ದರು, ಈಗಲೂ ಇದ್ದಾರೆ.

ಸದನದ ಕಲಾಪವನ್ನು ದಿನವಿಡೀ ತೋರಿಸುವ ಟಿವಿ ಚಾನೆಲ್ ಬಂದ ಮೇಲೆ ಟೀಚರ್ ಧಾರಾವಾಹಿಗಳನ್ನು ಬಿಟ್ಟೇಬಿಟ್ಟರು. ಹುರುಳಿಕಾಯಿ ನಾರು ತೆಗೆಯುತ್ತ ಇಡೀ ಲೋಕಸಭೆಯನ್ನು ತಮ್ಮ ತರಗತಿ ಎಂಬಂತೆ ನೋಡುತ್ತಿದ್ದರು. "ಅಗೋ, ಹಿಂದಿನ ಬೆಂಚಿನವನು ಆಗಲೇ ನಿದ್ದೆಗೆ ಬಿದ್ದ." "ಇವನಿಗೆ ಎದ್ದು ಹೋಗೋಕೆ ಅರ್ಜೆಂಟಾಗಿ ಏನು ಕೆಲಸ, ಈಗ ತಾನೇ ಬಂದ!" ಸದನದ ಬಾವಿಗಿಳಿದು ಕಿರುಚುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಬಾವಿಗೆ ಇಳಿದವರು ಒಂದು ಕೊಡ ನೀರಾದ್ರೂ ತರಬೇಕಲ್ಲ. ಬರಿಗೈಲಿ ಇಳೀತಾರೆ, ಬರಿಗೈಲಿ ಹತ್ತುತಾರೆ, ಭತ್ಯೆ ಮಾತ್ರ ತಗೋತಾರೆ" ಎಂದು ನನ್ನನ್ನೇ ದಬಾಯಿಸುತ್ತಿದ್ದರು. ನಮ್ಮ ಸಂಸದರು ಆ ಗಲಾಟೆಯಲ್ಲೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರೆ ದಿನದ ಭತ್ಯೆಗೆ ಮೋಸವಿಲ್ಲ, ಆಮೇಲೆ ಅವರಿಗೆ ಬೇರೆ ಕೆಲಸಗಳಿದ್ದವು. "ಹಾಜರಿ ಹೇಳಿ ಕಿಟಕಿ ಹಾರೋ ಹುಡುಗರ ಕಿವಿ ಹಿಂಡಿದೀನಿ ನಾನು" ಎಂದು ಟೀಚರ್ ಟಿವಿಯ ಕಡೆ ಕೈ ಚಾಚುತ್ತಿದ್ದರು. ಆ ಕಿವಿ ಕೈಗೆ ಎಟುಕುವಂತಿದ್ದರೆ ದೇಶ ಎಂದೋ ಉದ್ಧಾರವಾಗುತ್ತಿತ್ತು.

ಇದೆಲ್ಲ ನಮಗೆ ನಗುವ ವಿಷಯವಾಗಿತ್ತು. ನಗು ನಿಂತದ್ದು ಒಂದು ಚಳಿಗಾಲದ ಭಾನುವಾರ.

ಅಂದು ಪಾಠಕ್ಕೆಂದು ಹೋದರೆ ಬಂಗಲೆಯ ಹುಲ್ಲಿನ ಮೇಲೆ ಇಬ್ಬರು ಮುದುಕರು ಶಾಲು ಹೊದ್ದು ಮುದುಡಿ ಕೂತಿದ್ದರು. ಸಂಸದರ ಕ್ಷೇತ್ರದಿಂದ ಬಂದ ಟೈಲರ್ ಇಮಾಮಸಾಬರು ಮತ್ತು ಅವರ ಹೆಂಡತಿ. ಹೆಂಡತಿಗೆ ಹೃದಯದ ಆಪರೇಷನ್ ಆಗಬೇಕಿತ್ತು, ಆಸ್ಪತ್ರೆಯವರು ವಾರ ಬಿಟ್ಟು ಬರಲು ಹೇಳಿದ್ದರು.

"ಸಾಹೇಬ್ರು ಓಟ್ ಕೇಳಾಕ ಬಂದಾಗ, ದಿಲ್ಲಿಗೆ ಬಂದ್ರ ನಮ್ಮ ಮನಿಗೇ ಬರ್ರಿ ಅಂದಿದ್ರ್ರೀ ಅಕ್ಕಾರ. ಅದಕ್ಕ ಬಂದ್ವಿ. ಇಲ್ಲಿ ರೂಮಿಲ್ಲ ಅಂತಾರ್ರೀ" ಎಂದರು ಇಮಾಮಸಾಬರು.

ರೂಮುಗಳಿದ್ದವು. ಬಂಗಲೆಯ ಹಿಂದೆ ಸಾಲಾಗಿ ಇದ್ದವು. ಅವುಗಳನ್ನು ಸಂಸದರ ಪಿಎ ಯಾರೋ ಒಬ್ಬ ಟೆಂಟ್ ಹೌಸಿನವನಿಗೆ ಬಾಡಿಗೆಗೆ ಕೊಟ್ಟಿದ್ದ. ಮದುವೆಗಳ ಶಾಮಿಯಾನ, ಕುರ್ಚಿ, ದೊಡ್ಡ ದೊಡ್ಡ ಹಂಡೆಗಳು ಅಲ್ಲಿ ಬೆಚ್ಚಗೆ ಮಲಗಿದ್ದವು. ಟೀಚರ್ ಪಿಎ ಬಳಿ ಹೋಗಿ ಕೇಳಿದರು. ಅವನು ಫೋನಿನಿಂದ ಕಣ್ಣೆತ್ತದೆ, "ಮೇಡಂ, ನೀವು ನಿಮ್ಮ ಅ ಆ ಇ ಈ ನೋಡ್ಕೊಳ್ಳಿ" ಎಂದ.

ಟೀಚರ್ ಅಲ್ಲಿಂದ ತಿರುಗಿ ಬಂದರು. ಅಂದಿನ ಪಾಠ ರದ್ದಾಯಿತು. ಆಟೋದವನ ಜೊತೆ ಚೌಕಾಸಿಯನ್ನೂ ಮಾಡದೆ ಇಬ್ಬರನ್ನೂ ಕೂರಿಸಿಕೊಂಡು ತಮ್ಮ ಮನೆಗೆ ಹೋದರು. ಆಪರೇಷನ್ ಆಗಿ, ಗಾಯ ಮಾಗಿ, ಊರಿನ ರೈಲು ಹತ್ತುವ ತನಕ ಆ ದಂಪತಿ ಅಲ್ಲೇ ಇದ್ದರು. ಹೋಗುವ ಮುನ್ನ ಇಮಾಮಸಾಬರು ಟೀಚರ ಹಳೆಯ ಪರದೆಗಳಿಗೆಲ್ಲ ಕೈಯಲ್ಲೇ ಅಂಚು ಹೊಲಿದುಕೊಟ್ಟರು.

ಮುಂದಿನ ರಾಜ್ಯೋತ್ಸವಕ್ಕೆ ಸಂಘವು ಅದೇ ಸಂಸದರನ್ನು ಸನ್ಮಾನಿಸಲು ತೀರ್ಮಾನಿಸಿತು. ಚುನಾವಣೆ ಹತ್ತಿರವಿತ್ತು, ಸಂಘದ ಕಟ್ಟಡಕ್ಕೆ ಅವರಿಂದ ಅನುದಾನದ ಆಸೆಯಿತ್ತು. ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ಚೌಕಟ್ಟು ಹಾಕಿಸಿದ ಸನ್ಮಾನಪತ್ರ. ಅದನ್ನು ಬರೆಯುತ್ತಿದ್ದದ್ದು ಯಾವಾಗಲೂ ಸುಲೋಚನಾ ಟೀಚರೇ. ನಾನು ಆಗ ಸಂಘದ ಜಂಟಿ ಕಾರ್ಯದರ್ಶಿ, ಸಭೆಯಲ್ಲಿದ್ದೆ.

"ಟೀಚರ್, ಈ ಸಲ ಸ್ವಲ್ಪ ಧಾರಾಳವಾಗಿ ಬರೀರಿ. ಮಕ್ಕಳ ಕ್ಲಾಸು ಅವರ ಮನೇಲೇ ನಡೀತಿರೋದು, ಮರೀಬೇಡಿ" ಎಂದರು ಶ್ರೀಕಂಠಯ್ಯನವರು.

"ಮರೆತಿಲ್ಲ. ಬರೀತೀನಿ. ಓದೋದೂ ನಾನೇ" ಎಂದರು ಟೀಚರ್.

ನಮ್ಮ ಸಮಾರಂಭಗಳಲ್ಲಿ ಒಂದು ವಾಡಿಕೆಯಿದೆ. ಸನ್ಮಾನಪತ್ರವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಓದುವವರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಚಪ್ಪಾಳೆ ತಟ್ಟುತ್ತೇವೆ, ಬಿಸಿಬೇಳೆಬಾತಿನ ಪರಿಮಳ ಎಲ್ಲಿಗೆ ಬಂತು ಎಂದು ಮೂಗರಳಿಸುತ್ತೇವೆ. ಅಂದೂ ಹಾಗೇ ಆಯಿತು. ಸಂಸದರು ಪೇಟ ತೊಟ್ಟು, ಕಣ್ಣು ಅರೆಮುಚ್ಚಿ, ಕೈಮುಗಿದು ಕೂತಿದ್ದರು. ಟೀಚರ್ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು ಓದಿದರು:

"ಮಾನ್ಯರೇ, ತಾವು ಎರಡು ಸಲ ಗೆದ್ದು ದೆಹಲಿಗೆ ಬಂದಿದ್ದೀರಿ." ಚಪ್ಪಾಳೆ.

"ಸದನದ ಹಾಜರಿ ಪುಸ್ತಕಕ್ಕೆ ತಪ್ಪದೆ ಸಹಿ ಹಾಕಿದ್ದೀರಿ. ಸಹಿ ಹಾಕಿದ ಮೇಲೆ ಒಳಗೆ ಕೂತಿದ್ದನ್ನು ನಾನು ಕಂಡಿಲ್ಲ, ಬಾಯಿ ತೆರೆದಿದ್ದನ್ನಂತೂ ಕಂಡೇ ಇಲ್ಲ." ಮತ್ತೆ ಚಪ್ಪಾಳೆ. ಶ್ರೀಕಂಠಯ್ಯನವರೂ ತಟ್ಟಿದರು. ಸಂಸದರು ತಲೆದೂಗಿದರು.

"ತಮ್ಮ ಬಂಗಲೆಯ ಕೋಣೆಗಳಲ್ಲಿ ಟೆಂಟ್ ಹೌಸಿನ ಹಂಡೆಗಳು ಸುಖವಾಗಿವೆ. ತಮಗೆ ಓಟು ಕೊಟ್ಟ ಟೈಲರ್ ಇಮಾಮಸಾಬರು ಕಾಯಿಲೆಯ ಹೆಂಡತಿಯೊಡನೆ ಚಳಿಯಲ್ಲಿ ಹುಲ್ಲಿನ ಮೇಲೆ ಕೂತಿದ್ದರು."

ಈಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು, ಆಮೇಲೆ ನಿಂತೇಹೋಯಿತು. ಶ್ರೀಕಂಠಯ್ಯನವರ ಎರಡು ಕೈಗಳೂ ಗಾಳಿಯಲ್ಲೇ ಉಳಿದವು. ಸಂಸದರು ಕಣ್ಣು ಬಿಟ್ಟರು.

"ನಮ್ಮ ಮಕ್ಕಳಿಗೆ ಭಾನುವಾರ ಗ್ಯಾರೇಜು ಕೊಟ್ಟಿದ್ದೀರಿ. ಅದು ನಿಮ್ಮದಲ್ಲ, ಸರ್ಕಾರದ್ದು. ಆದರೂ ಕೃತಜ್ಞರಾಗಿದ್ದೇವೆ. ಇದಕ್ಕಿಂತ ಹೆಚ್ಚಿಗೆ ನಿಜ ನನಗೆ ಸಿಗಲಿಲ್ಲ. ಕೆಳಗೆ ಜಾಗ ಬಿಟ್ಟಿದ್ದೇನೆ. ತಾವು ಏನಾದರೂ ಮಾಡಿದ ದಿನ ಹೇಳಿಕಳಿಸಿ, ಬಂದು ಬರೆದುಕೊಡುತ್ತೇನೆ."

ಹೇಳಿದಂತೆಯೇ ಆ ಚೌಕಟ್ಟಿನ ಅರ್ಧ ಖಾಲಿಯಿತ್ತು. ಅದನ್ನು ಟೀಚರ್ ಸಂಸದರ ಮಡಿಲಲ್ಲಿಟ್ಟರು. ಸಂಸದರು ಒಣನಗೆ ನಕ್ಕು, "ಟೀಚರಮ್ಮ ಒಳ್ಳೆ ತಮಾಷೆ ಮಾಡ್ತಾರೆ" ಎಂದರು. "ತಮಾಷೆ ಅಲ್ಲ ಸರ್" ಎಂದು ಹೇಳಿ ಟೀಚರ್ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕೂತರು. ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ಹೆಮ್ಮೆ ನನಗೆ ಜೀವನದಲ್ಲಿ ಇನ್ಯಾವತ್ತೂ ಆಗಿಲ್ಲ.

ಮುಂದಿನ ಭಾನುವಾರ ಗ್ಯಾರೇಜಿಗೆ ಬೀಗ ಬಿದ್ದಿತ್ತು. "ಊಪರ್ ಸೇ ಆರ್ಡರ್ ಹೈ, ಮೇಡಂಜಿ" ಎಂದು ಕಾವಲುಗಾರ ತಲೆ ತಗ್ಗಿಸಿದ. ಶ್ರೀಕಂಠಯ್ಯನವರು ಓಡಾಡಿ ಸಂಧಾನ ತಂದರು: ಟೀಚರ್ ಬಂಗಲೆಗೆ ಹೋಗಿ ಕ್ಷಮೆ ಕೇಳಿದರೆ ಸಾಕು, ಬೀಗ ತೆಗೆಯುತ್ತಾರೆ. ಮಕ್ಕಳ ಪಾಠಕ್ಕೆ ಕಲ್ಲು ಹಾಕಿದರು ಎಂದು ಪೋಷಕರು ಗೊಣಗಿದರು. ನನ್ನ ಗಂಡನೇ, "ಒಂದ್ಸಲ ಸಾರಿ ಅಂದ್ರೆ ಬಾಯಿ ಸವೆದುಹೋಗತ್ತಾ?" ಎಂದ.

"ಕ್ಷಮೆ ಕೇಳಿ ಆ ಕೋಣೆ ತಗೊಂಡೆ ಅಂತಿಟ್ಕೊಳ್ಳಿ. ಒಳಗೆ ಕೂತು ಮಕ್ಕಳಿಗೆ ಏನು ಹೇಳಿಕೊಡ್ಲಿ? ಬಗ್ಗೋದು ಹ್ಯಾಗೆ ಅಂತಾನಾ? ಅದನ್ನ ಕಲಿಯೋಕೆ ಟೀಚರ್ ಬೇಕಾಗಿಲ್ಲ" ಎಂದರು ಸುಲೋಚನಾ ಟೀಚರ್. ಪಾಠ ನಮ್ಮ ಬ್ಲಾಕಿನ ಪಾರ್ಕಿಗೆ ಬಂತು. ಅರ್ಧ ಮಕ್ಕಳು ಉದುರಿಹೋದರು. ಉಳಿದವರು ಬೇಸಿಗೆಯಲ್ಲಿ ಬೇವಿನ ಮರದ ಕೆಳಗೆ, ಮಳೆ ಬಂದರೆ ಟೀಚರ ಮನೆಯ ಮೆಟ್ಟಿಲ ಮೇಲೆ ಕೂತು ಓದಿದರು. ಪಾರ್ಕಿನಲ್ಲಿ ಕ್ರಿಕೆಟ್ ಆಡುವ ಹುಡುಗರ ಚೆಂಡು ಎಷ್ಟೋ ಸಲ ಕಾಗುಣಿತದ ಮಧ್ಯೆ ಬಂದು ಬಿದ್ದದ್ದುಂಟು. ಸಂಸದರು ಮಾತ್ರ ಮತ್ತೆ ಗೆದ್ದರು. "ಗೆಲ್ಲಲಿ, ನಾವೇನು ಸೋತಿಲ್ಲವಲ್ಲ" ಎಂದು ಟೀಚರ್ ಮತ್ತೆ ಟಿವಿ ಹಾಕಿದರು.

ಒಂದು ಜನವರಿಯಲ್ಲಿ ಟೀಚರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಅವರು ವಾಪಸು ಬರಲಿಲ್ಲ. ಸಂತಾಪ ಸಭೆ ಮುಗಿದ ಮೇಲೆ ಶ್ರೀಕಂಠಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು.

"ಸಂಸದರು ದೊಡ್ಡ ಮನಸ್ಸು ಮಾಡಿದಾರಮ್ಮ. ಗ್ಯಾರೇಜು ವಾಪಸ್ ಕೊಡ್ತಾರಂತೆ. ಟೀಚರ್ ಹೆಸರನ್ನೇ ಇಡೋಣ ಅಂದ್ರು. ಒಂದು ಸಣ್ಣ ಉದ್ಘಾಟನೆ, ಅವರ ಕೈಯಿಂದ ಒಂದು ಫಲಕ, ಅಷ್ಟೆ. ಮಕ್ಕಳು ಬಿಸಿಲಲ್ಲಿ ಒಣಗೋದು ತಪ್ಪತ್ತೆ."

ಬಿಸಿಲಿನ ಮಾತು ಸುಳ್ಳಲ್ಲ. ಟೀಚರಿಲ್ಲದೆ ಪಾಠ ಎಷ್ಟು ದಿನ ನಡೆದೀತು ಎಂಬ ಭಯ ನನಗೂ ಇತ್ತು. ಪಕ್ಕದಲ್ಲೇ ನಿಂತಿದ್ದ ಮಗಳು ಸಹನಾಳ ಮುಖ ನೋಡಿದೆ. ಅಳುತ್ತಲೇ ಕೇಳಿಸಿಕೊಂಡಿದ್ದಳು. ಟೀಚರ್ ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಶ್ರೀಕಂಠಯ್ಯನವರಿಗೂ ಚೆನ್ನಾಗಿಯೇ ಗೊತ್ತಿತ್ತು. ಹೇಳಲು ಟೀಚರ್ ಇರಲಿಲ್ಲ, ಅದಕ್ಕೇ ಅವರಿಗೆ ಕೇಳುವ ಧೈರ್ಯ ಬಂದಿತ್ತು.

"ಬೇಡ ಸರ್" ಎಂದೆ. "ಭಾನುವಾರ ಪಾರ್ಕಿನಲ್ಲೇ ಪಾಠ. ಇನ್ನು ಮೇಲೆ ನಾನು ಹೇಳ್ತೀನಿ."