ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ನಗಾರಿ

ಹುಣಸೂರಿನ ಮೆಹಬೂಬ್ ಸಾಬರು ತಮ್ಮ ಜೀವಮಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು ಯಾವುದು ಎಂದರೆ, 'ಒಸಿ ಸೌಂಡ್ ಕಮ್ಮಿ ಮಾಡ್ರೀ' ಎನ್ನುವುದು. ಮೈಕ್ ಸೆಟ್ ಬಾಡಿಗೆಗೆ ಕೊಡುವ ಮನುಷ್ಯನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ? ಮನೆಯ ತನಕ ಬಂದು ಕರೆಯುವವರೂ ಅವರೇ, ಆಮೇಲೆ ಕಿವಿ ಮುಚ್ಚಿಕೊಳ್ಳುವವರೂ ಅವರೇ. ಗಾವಡಗೆರೆಯಿಂದ ಪಿರಿಯಾಪಟ್ಟಣದವರೆಗೆ ಸಾಬರು ಹಾರ್ನ್ ಕಟ್ಟದ ಮರವಿಲ್ಲ. ಆದರೂ ಒಂದು ದಿನವೂ ಒಬ್ಬರೇ ಒಬ್ಬರೂ ಕೂತು ಮನಸ್ಸಿಟ್ಟು ಕೇಳಿದ್ದಿಲ್ಲ. ಒಮ್ಮೆಯಾದರೂ ಜನ ಬಾಯಿ ಮುಚ್ಚಿಕೊಂಡು ತನ್ನ ಸೆಟ್ಟಿಗೆ ಕಿವಿ ಕೊಡಬೇಕು ಎಂಬುದು ಅವರ ಎದೆಯಲ್ಲಿ ಕೂತುಬಿಟ್ಟಿದ್ದ ಆಸೆ.

ಅದರಲ್ಲೂ ಕೋಟೆಕಲ್ಲಹಳ್ಳಿಯ ಭಾಗ್ಯಮ್ಮನನ್ನು ಅವರು ಮರೆಯುವ ಹಾಗೇ ಇರಲಿಲ್ಲ. ಕಂಪಲಾಪುರದ ಆಚೆಗಿನ ಆ ಹಳ್ಳಿಯಲ್ಲಿ ಭಾಗ್ಯಮ್ಮನ ಮಗಳ ಮದುವೆ. ಧಾರೆಯ ಹೊತ್ತಿನಲ್ಲಿ ಮಂತ್ರವೇ ಕೇಳಿಸುತ್ತಿಲ್ಲವೆಂದು ಆಕೆ ಸೀದಾ ಬಂದವರೇ ಆಂಪ್ಲಿಫೈಯರಿನ ವೈರು ಕಿತ್ತು ಸಾಬರ ಕೈಗೆ ಕೊಟ್ಟು ಹೋಗಿದ್ದರು. ಇಡೀ ಚಪ್ಪರ ನಕ್ಕಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಅದೇ ಊರಿನಿಂದ ಕರೆ ಬಂತು, ಆದರೆ ಮದುವೆಗಲ್ಲ. ಸ್ಕೂಲಿನಿಂದ ನಿವೃತ್ತರಾಗಿದ್ದ ಶಾಂತಲಾ ಮೇಡಂ ಊರಿನ ಹಿರೇಬೀರನ ಹೆಸರಿನಲ್ಲಿ ಪುಟ್ಟದೊಂದು ಮ್ಯೂಸಿಯಂ ಮಾಡಹೊರಟಿದ್ದರು. ಪಾಳೇಗಾರರ ಕಾಲದಲ್ಲಿ ಊರಿನ ಮಣ್ಣುಕೋಟೆಗೆ ಶತ್ರುಗಳು ಮುತ್ತಿಗೆ ಹಾಕಿದಾಗ, ಕಾವಲಿಗಿದ್ದ ಈ ಹಿರೇಬೀರ ಒಬ್ಬನೇ ನಾಲ್ಕು ಬುರುಜಿಗೂ ಓಡಾಡಿ ನಗಾರಿ ಬಡಿದನಂತೆ. ಒಳಗೆ ದೊಡ್ಡ ದಂಡೇ ಇದೆಯೆಂದು ಬಗೆದು ಬಂದವರು ಬಂದ ದಾರಿ ಹಿಡಿದರಂತೆ. ಭಾಗ್ಯಮ್ಮನ ಗಂಡ ಅಣ್ಣಯ್ಯ, ಹೊಗೆಸೊಪ್ಪು ಹದ ಮಾಡುವ ತಮ್ಮ ಹಳೆಯ ಬ್ಯಾರನ್ನನ್ನು ಇದಕ್ಕೆಂದು ಬಿಟ್ಟುಕೊಟ್ಟಿದ್ದರು. ಕಿಟಕಿಯಿಲ್ಲದ, ದಪ್ಪ ಗೋಡೆಯ, ಎತ್ತರದ ಕಟ್ಟಡ. ಬಾಗಿಲು ಹಾಕಿದರೆ ಹಾಡಹಗಲಲ್ಲೂ ಕಗ್ಗತ್ತಲೆ.

"ತುಕ್ಕು ಹಿಡಿದ ಕತ್ತಿ, ಒಡೆದ ಮಡಕೆ ಇಟ್ಟರೆ ಯಾರು ಬರ್ತಾರೆ ಸಾಬ್ರೇ?" ಎಂದರು ಮೇಡಂ. "ಒಳಗೆ ಬಂದೋರಿಗೆ ತಾವೇ ಆ ಕೋಟೇಲಿ ನಿಂತಿದ್ದೀವಿ ಅನ್ನಿಸ್ಬೇಕು. ನಿಮ್ಮ ಕೈಲಿ ಆಗುತ್ತಾ?"

"ಆಗ್ದೆ ಏನ್ ಮೇಡಂ?" ಎಂದರು ಸಾಬರು. ಹೇಗೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಆದರೆ ಕೆಲಸ ಒಪ್ಪಿಕೊಳ್ಳುವಾಗ ಅದನ್ನೆಲ್ಲ ಹೇಳುವ ಪೈಕಿಯಲ್ಲ ಅವರು.

ಬ್ಯಾರನ್ನಿನ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಬಾಕ್ಸ್ ಇಟ್ಟರು. ನಗಾರಿ ಹುಚ್ಚಯ್ಯನನ್ನು ಹಿಡಿದು ತಂದು, ಕಾವಲುಗಾರನ ವೇಷ ಹಾಕಿಸಿ, ಕಪ್ಪು ಬಟ್ಟೆಯ ಮುಂದೆ ನಿಲ್ಲಿಸಿ ನಗಾರಿ ಬಡಿಸಿದರು. ಮದುವೆ ವಿಡಿಯೋದವರು ಅದನ್ನು ತೆಗೆದುಕೊಟ್ಟರು. ಮೈಸೂರಿನಿಂದ ಪ್ರೊಜೆಕ್ಟರ್ ಬಾಡಿಗೆಗೆ ಬಂತು.

ಉದ್ಘಾಟನೆಯ ಹಿಂದಿನ ದಿನ ಪರೀಕ್ಷೆ ಮಾಡಿ ನೋಡಿದರೆ ಎಲ್ಲ ನೀರಸ. ಬಿಳಿ ಪರದೆಯ ಮೇಲೆ ಹುಚ್ಚಯ್ಯ ಚಪ್ಪಟೆಯಾಗಿ ನಿಂತು ಕೋಲು ಆಡಿಸುತ್ತಿದ್ದ, ಅಷ್ಟೆ. ಮೇಡಂ "ಚೆನ್ನಾಗಿದೆ" ಎಂದು ನೆಲ ನೋಡುತ್ತಾ ಹೇಳಿದರು. ಅಣ್ಣಯ್ಯನಿಗೆ ಅಂಥ ನಾಜೂಕೆಲ್ಲ ಇಲ್ಲ.

"ಟೆಂಟ್ ಸಿನ್ಮಾ ಇದ್ದಂಗದೆ ಕಣ್ರೀ ಸಾಬ್ರೇ. ನಾಳೆ ಜನ ಕೂತ್ಕಂಡು ನೋಡುದ್ರೆ ಸರಿ. ಅರ್ಧುಕ್ಕೇ ಎದ್ದೋದ್ರೆ, ನಾಳಿದ್ದೇ ಬ್ಯಾರನ್ ವಾಪಸ್ ತಕ್ಕಂಡು ಸೊಪ್ಪು ಏರುಸ್ಬುಡ್ತೀನಿ."

ಸಾಬರು ಮನೆಗೆ ಬಂದಾಗ ಮುಖ ಬಾಡಿತ್ತು. ಹೆಂಡತಿ ಅಕ್ತರುನ್ನೀಸಾ ಲೋಬಾನದ ಪೊಟ್ಟಣವನ್ನು ಚೀಲಕ್ಕೆ ಹಾಕಿ, "ನಾಳೆ ಗುರುವಾರ, ಹೊಗೆ ತೋರಿಸೋದು ಮರೀಬೇಡಿ" ಎಂದರು. ಯಾವ ಊರಿಗೆ ಹೋದರೂ ಕೆಂಡದ ಮೇಲೆ ಲೋಬಾನ ಹಾಕಿ ಆಂಪ್ಲಿಫೈಯರಿಗೆ ಹೊಗೆ ತೋರಿಸದೆ ಸೆಟ್ ಆನ್ ಮಾಡುವ ವಾಡಿಕೆ ಅವರಲ್ಲಿರಲಿಲ್ಲ.

ಮಾರನೆಯ ದಿನ ಊರಿಗೆ ಊರೇ ಬಂದು ಬ್ಯಾರನ್ನಿನೊಳಗೆ ಚಾಪೆಯ ಮೇಲೆ ಕೂತಿತು. ಸಾಬರ ಕಿವಿಯಲ್ಲಿ ಅಣ್ಣಯ್ಯನ ಮಾತೇ ಸುತ್ತುತ್ತಿತ್ತು. ಆ ಗಾಬರಿಯಲ್ಲಿ ಒಂದು ಚಿಟಿಕೆ ಹಾಕುವ ಕಡೆ ಎರಡು ಹಿಡಿ ಲೋಬಾನ ಕೆಂಡಕ್ಕೆ ಸುರಿದುಬಿಟ್ಟರು. ಬಯಲಿನ ಚಪ್ಪರದಲ್ಲಾದರೆ ಆ ಹೊಗೆ ಗಾಳಿಗೆ ಹೋಗುತ್ತಿತ್ತು. ಇಲ್ಲಿ ಬಾಗಿಲು ಹಾಕಿದೆ, ಕಿಟಕಿಯಿಲ್ಲ. ನೋಡನೋಡುತ್ತಿದ್ದಂತೆ ಬ್ಯಾರನ್ನು ತುಂಬಿಹೋಯಿತು.

ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಬ್ಯಾರನ್ನಿನೊಳಗೆ ಹೊಗೆ ಕಂಡರೆ ಒಂದೇ ಅರ್ಥ, ಬೆಂಕಿ.

"ಬ್ಯಾರನ್ ಅತ್ಕಂತು ಕಣ್ರೋ! ಆಚ್ಗೆ ಬನ್ರೋ!" ಅಣ್ಣಯ್ಯ ಎದ್ದು ಕೂಗಿದರು. ಹೆಂಗಸರು ಮಕ್ಕಳನ್ನು ಕಂಕುಳಿಗೆತ್ತಿಕೊಂಡರು, ಗಂಡಸರು ಬಾಗಿಲ ಕಡೆ ನುಗ್ಗಿದರು. ಅಯ್ಯೋ, ಮುಗಿಯಿತು ಎಂದುಕೊಂಡರು ಸಾಬರು. ಶುರುವಾಗುವ ಮೊದಲೇ ಜನ ಎದ್ದುಹೋಗುತ್ತಿದ್ದಾರೆ! ಏನಾದರಾಗಲಿ ಎಂದು ಸ್ವಿಚ್ ಒತ್ತಿದರು.

ಬಾಗಿಲ ಪಕ್ಕದ ಮೂಲೆಯಿಂದಲೇ ನಗಾರಿ ಗುಡುಗಿತು. ನುಗ್ಗುತ್ತಿದ್ದವರು ಬೆಚ್ಚಿ ಹಿಂದೆ ಸರಿದರು. ಸಾಬರ ಎರಡೂ ಕೈ ನಾಲ್ಕು ಸ್ಪೀಕರುಗಳ ನಾಲ್ಕು ತಿರುಗಣೆಗಳ ಮೇಲೆ ಆಡತೊಡಗಿದವು. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದರೆ ನಗಾರಿ ಎದುರು ಮೂಲೆಗೆ ಓಡಿತು, ಅಲ್ಲಿಂದ ಮೂರನೆಯದಕ್ಕೆ, ಅಲ್ಲಿಂದ ನಾಲ್ಕನೆಯದಕ್ಕೆ. ಜನರ ಕತ್ತೂ ಅದರ ಹಿಂದೆಯೇ ತಿರುಗಿತು. ಅಷ್ಟರಲ್ಲಿ ಪ್ರೊಜೆಕ್ಟರಿನ ಬೆಳಕು ಹೊಗೆಗೆ ಬಿತ್ತು. ಪರದೆಯ ಮೇಲೆ ಚಪ್ಪಟೆಯಾಗಿದ್ದ ಮನುಷ್ಯ ಪರದೆ ಬಿಟ್ಟು ಇಳಿದು, ಹೊಗೆಯ ನಡುವೆ, ಜನರ ನಡುವೆ, ಆಳೆತ್ತರಕ್ಕಿಂತ ಮೇಲೆ ನಿಂತು ನಗಾರಿ ಬಡಿಯುತ್ತಿದ್ದ.

"ಹಿರೇಬೀರ..." ಎಂದರು ಯಾರೋ. ಬಾಗಿಲ ಚಿಲಕಕ್ಕೆ ಕೈ ಹಾಕಿದ್ದ ಅಣ್ಣಯ್ಯ ಬೆಂಕಿಯನ್ನೂ ಮರೆತು ಕೈ ತೆಗೆದು, ನಿಂತಲ್ಲೇ ಕುಸಿದು ಕೂತರು. ಆಮೇಲೆ ಒಬ್ಬರೂ ಮಿಸುಕಲಿಲ್ಲ.

ಕೊನೆಯ ಪೆಟ್ಟು ನಿಂತಿತು. ಇಡೀ ಊರು ಉಸಿರು ಬಿಗಿಹಿಡಿದು ಕೂತಿತ್ತು. ಮೆಹಬೂಬ್ ಸಾಬರು ತಿರುಗಣೆಯಿಂದ ಕೈ ತೆಗೆದು ಆ ಮೌನವನ್ನು ಕೇಳಿದರು. ಇದಕ್ಕಾಗಿಯೇ ಅಲ್ಲವೇ ಅವರು ಇಷ್ಟು ವರ್ಷ ಕಾದಿದ್ದು! ಶಾಂತಲಾ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಹೊಗೆಯ ನೆಪ ಹೇಳಲೂ ಅವರಿಗೆ ತೋಚಲಿಲ್ಲ.

"ಸೊಪ್ಪಿಗೆ ನನ್ ತಮ್ಮನ ಬ್ಯಾರನ್ ಅದೆ, ಬುಡಿ" ಎಂದರು ಅಣ್ಣಯ್ಯ, ಕೂತಲ್ಲಿಂದಲೇ.

ಅಷ್ಟರಲ್ಲಿ ಭಾಗ್ಯಮ್ಮ ಎದ್ದು ಸೀದಾ ಆಂಪ್ಲಿಫೈಯರಿನ ಹತ್ತಿರ ಬಂದರು. ಸಾಬರು ತಮಗೇ ಗೊತ್ತಿಲ್ಲದೆ ವೈರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಅದ್ಯಾಕ್ ಸಾಬ್ರೇ ಅಂಗೆ ಇಡ್ಕಂಡಿದ್ದೀರಿ, ಬುಡಿ" ಎಂದರು ಭಾಗ್ಯಮ್ಮ. "ಇನ್ನೊಂದ್ ಸತಿ ಹಾಕಿ. ಈ ಸತಿ ಒಸಿ ಸೌಂಡ್ ಜಾಸ್ತಿ ಮಾಡಿ."