ಕಾಲಿಂಚಿನ ಪಾನಾ

ನನ್ನ ತಮ್ಮನನ್ನು ಕಂಡು ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಬೇರೆ ಯಾರನ್ನು ಕಂಡೂ ಪಟ್ಟಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಹೆಂಗಸು ಆಡುವ ಮಾತಲ್ಲ ಇದು. ಆದರೂ ಆಡಿಬಿಡುತ್ತೇನೆ. ಎಲ್ಲಕ್ಕೂ ಕಾರಣ ಒಂದು ಕಾರು.

ಅಪ್ಪ ನಮ್ಮೂರು ಗುಂಜಿಯ ಕಟ್ಟಿಗೆ ಕೊರೆಯುವ ಮಿಲ್ಲಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಮಿಲ್ಲಿನ ಮಾಲೀಕ ಎಲ್ಲ ಮುಚ್ಚಿ ಗೋವಾಕ್ಕೆ ಹೊರಟಾಗ ತನ್ನ ಹಸಿರು ಕಾರನ್ನು ಅಪ್ಪನಿಗೇ ಬಿಟ್ಟುಹೋದ. ಇಂಗ್ಲೆಂಡಿನಲ್ಲಿ ತಯಾರಾದದ್ದು, ಎರಡೇ ಸೀಟು, ತಲೆಯ ಮೇಲೆ ಮಡಚುವ ಕ್ಯಾನ್ವಾಸು. ಉದಾರತನದಿಂದ ಬಿಟ್ಟದ್ದೇನಲ್ಲ. ಅಪ್ಪನನ್ನು ಬಿಟ್ಟು ಬೇರೆ ಯಾರ ಕೈಗೂ ಅದು ಸ್ಟಾರ್ಟ್ ಆಗುತ್ತಿರಲಿಲ್ಲ.

ಭಾನುವಾರ ಅಪ್ಪ ಬಾನೆಟ್ ಎತ್ತಿದರೆ ಬಾಜೂಕ್ಕೆ ನಾನು ಇರಲೇಬೇಕು. ಕ್ಯಾನ್ವಾಸಿನ ಸುರುಳಿ ಚೀಲದಲ್ಲಿ ನಟ್ಟು ಬಿಚ್ಚುವ ಹನ್ನೊಂದು ಪಾನಾಗಳು, ಒಂದೊಂದಕ್ಕೂ ಒಂದೊಂದು ಕಿಸೆ. ಅಪ್ಪ ಕಣ್ಣು ಎತ್ತದೆ ಕೈ ಚಾಚುತ್ತಿದ್ದ. "ಕಾಲು." ಕೊಡುತ್ತಿದ್ದೆ. "ಐದು-ಹದಿನಾರು." ಕೊಡುತ್ತಿದ್ದೆ. ಸಾಲೆಯಲ್ಲಿ ಭಿನ್ನರಾಶಿ ಶುರುವಾಗುವ ಮೊದಲೇ ನನ್ನ ಬೆರಳಿಗೆ ಭಿನ್ನರಾಶಿ ಬರುತ್ತಿತ್ತು. ಒಮ್ಮೆ ಸಾಲೆಯ ಪಟ್ಟಿ ತಂದು ಅಳೆದೆ. ಕಾಲು ಎಂದು ಕೊರೆದಿದ್ದ ಪಾನಾದ ಬಾಯಿ ಅರ್ಧ ಇಂಚಿಗೂ ಮಿಕ್ಕಿತ್ತು. ಅಪ್ಪ ಸುಳ್ಳು ಹೇಳುತ್ತಿದ್ದಾನೆಂದು ಜಗಳ ತೆಗೆದೆ.

"ಅದು ಬಾಯಿ ಅಳತಿ ಅಲ್ಲವ್ವಾ," ಅಂದ ಅಪ್ಪ. "ನಟ್ಟಿನೊಳಗ ಬೋಲ್ಟ್ ಇರತೈತಲ್ಲ, ಅದರ ದಪ್ಪ. ಈ ಹಳೇ ಇಂಗ್ಲೆಂಡ್ ಗಾಡಿಗೊಳ ಲೆಕ್ಕನ ಹಂಗ. ಬ್ಯಾರೆ ಪಾನಾ ಹಚ್ಚಿದ್ರ ನಟ್ಟಿನ ಮೂಲಿ ಹಾಳಾಗತಾವ."

ನನಗಿಂತ ಐದು ವರ್ಷಕ್ಕೆ ಸಣ್ಣವನಾದ ತಮ್ಮ ಆ ಹೊತ್ತಿಗೆ ರೈಲು ನೋಡಲು ಟೇಶನ್ನಿಗೆ ಓಡಿರುತ್ತಿದ್ದ. ಈಗ ಅವನು ಖಾನಾಪುರದಲ್ಲಿ ದೊಡ್ಡ ವಕೀಲ. ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂದು ಕೇಳಿದರೆ ಇವತ್ತಿಗೂ ಗಾಳಿಯಲ್ಲಿ ಒಮ್ಮೆ ಕೈ ತಿರುಗಿಸಿ ನೋಡಿಯೇ ಉತ್ತರ ಹೇಳುತ್ತಾನೆ.

ನನ್ನ ಮದುವೆಯಾದ ವರ್ಷವೇ ಅಪ್ಪ ಕಾರನ್ನು ಗುಂಜಿಯ ಶೆಡ್ಡಿನಲ್ಲಿ ನಿಲ್ಲಿಸಿದ. ಪೆಟ್ರೋಲು ಇಳಿಸಿ, ಗಾಲಿಗಳು ನೆಲ ಮುಟ್ಟದಂತೆ ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟ. ಆಗ ನಾನೇ ಬಾಯಿಬಿಟ್ಟು ಕೇಳಿದ್ದೆ, ಇದು ಮುಂದೆ ಯಾರಿಗೆ ಎಂದು. "ಗಾಡಿ ತಮ್ಮಗ ಇರಲಿ. ಅನಗೋಳದ ಆ ಓಣ್ಯಾಗ ನೀ ಎಲ್ಲಿ ನಿಲ್ಲಸ್ತಿ?" ಅಂದ. ಸಿಟ್ಟಿನಿಂದ ಅಂದದ್ದಲ್ಲ, ಖರೇ ಮಾತು. ನನ್ನ ಗಂಡನ ಮನೆಯ ಓಣಿಯಲ್ಲಿ ಎದುರುಬದುರು ಎರಡು ಸ್ಕೂಟರ್ ಬಂದರೆ ಒಂದು ಹಿಂದೆ ಸರಿಯಬೇಕು. ಆದರೂ ಆ ಮಾತು ನನ್ನ ಹೊಟ್ಟೆಗೆ ಇಳಿದದ್ದು ಹೊರಗೆ ಬರಲಿಲ್ಲ.

ಅಪ್ಪ ತೀರಿಹೋದ ಹದಿನಾಲ್ಕನೆಯ ದಿನ ಊಟದ ಗದ್ದಲದಲ್ಲಿ ಪಾನಾದ ಸುರುಳಿಯನ್ನು ನನ್ನ ಚೀಲದ ತಳಕ್ಕೆ ಹಾಕಿಕೊಂಡು ಬಂದೆ. ಕದ್ದೆ ಎನ್ನಿ, ಬೇಜಾರಿಲ್ಲ. ಅಂದಿನಿಂದ ಪ್ರತಿ ಖಂಡೇನವಮಿಗೆ, ಆಯುಧಪೂಜೆಯ ದಿನ, ಅವನ್ನು ಬಿಡಿಸಿ, ಎಣ್ಣೆ ಸವರಿ ಒರೆಸಿ, ಮಣೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿ ಪೂಜೆ ಮಾಡುತ್ತ ಬಂದಿದ್ದೇನೆ. "ಗಾಡಿ ಗುಂಜ್ಯಾಗ, ಪೂಜಿ ಅನಗೋಳದಾಗ," ಎಂದು ನನ್ನ ಯಜಮಾನರು ವರ್ಷಕ್ಕೊಮ್ಮೆ ನಗುತ್ತಾರೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮನ ಫೋನು ಬಂತು. "ಅಕ್ಕಾ, ಅಪ್ಪನ ಗಾಡಿ ಆಟೋ ನಗರದ ಗ್ಯಾರೇಜಿಗೆ ತಂದೇನಿ. ಖಂಡೇನವಮಿಗೆ ಪೂಜಿ ಮಾಡಿ ರಸ್ತೆಕ್ಕ ಇಳಸಾಂವ." ಮರುದಿನದಿಂದ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ಚಿತ್ರಗಳು. ಸೀಟಿನೊಳಗಿನ ಇಲಿಗೂಡು. ತುಕ್ಕು ಹಿಡಿದ ಟ್ಯಾಂಕು. ಬಾನೆಟ್ಟಿನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತ ತಮ್ಮ, ಅಂಗಿಗೆ ಒಂದು ಹನಿ ಎಣ್ಣೆ ಇಲ್ಲ. ಕೆಳಗೆ ಚಿಕ್ಕಮ್ಮ ಬರೆದಿದ್ದಳು: ಅಪ್ಪನ ಹೆಸರು ಉಳಿಸಿದ ಮಗ. ಅವತ್ತು ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ನನಗೆ ಗೊತ್ತಾಗಲಿಲ್ಲ.

ನಾಲ್ಕು ದಿನ ಬಿಟ್ಟು ಮತ್ತೆ ಫೋನು. ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಈ ಅಳತೆಯ ಪಾನಾ ಇಲ್ಲವಂತೆ, ಹೊರದೇಶದಿಂದ ತರಿಸಿದರೆ ಹಬ್ಬ ದಾಟುತ್ತದಂತೆ. "ಅಪ್ಪನ ಪಾನಾ ನಿನ್ನ ಕಡೆ ಏನರ ಅದಾವೇನಕ್ಕಾ?"

"ಇಲ್ಲ," ಅಂದೆ. ಹೇಳುವಾಗ ನಾನು ಕೂತದ್ದು ಅವುಗಳಿದ್ದ ಕಪಾಟಿಗೆ ಬೆನ್ನು ಆನಿಸಿಕೊಂಡೇ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಕತೆ. ಅವನಿಗೆ ಕಡಲೆ ಸಿಕ್ಕಿತ್ತು, ಹಲ್ಲು ನನ್ನ ಕಪಾಟಿನಲ್ಲಿತ್ತು. ಕಡಿಯಲಿ ನೋಡೋಣ ಅಂದುಕೊಂಡೆ.

ಅವನು ಕಡಿಯುವುದನ್ನು ಕಣ್ಣಾರೆ ನೋಡುವ ಆಸೆಗೇ ಒಂದು ಮಧ್ಯಾಹ್ನ ಆಟೋ ನಗರಕ್ಕೆ ಹೋದೆ. ತಮ್ಮ ಕೋರ್ಟಿಗೆ ಹೋಗಿದ್ದ. ಮೇಸ್ತ್ರಿ ಐವತ್ತರ ಆಸುಪಾಸಿನವನು, ಅವನ ತಂದೆಯೂ ಇದೇ ಕೆಲಸದವರಂತೆ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ.

"ಎಂಜಿನ್ ಜಾಮ್ ಆಗಿತ್ರಿ ಅಕ್ಕಾರ. ಎಣ್ಣಿ ಹಾಕಿ ನಾಕ ದಿನ ಕಾದ್ವಿ, ಬಿಡ್ತು. ಈ ನಟ್ಟಿಂದ ತ್ರಾಸ ಆಗೈತಿ. ಹದಿಮೂರ ನಂಬರ್ ಪಾನಾ ಕುಂದ್ರಂಗಿಲ್ಲ, ಹದಿನಾಕು ಜಾರತೈತಿ. ಇಂಥಾವು ನಮ್ಮ ಅಬ್ಬಾನ ಕಡೆ ಇದ್ವು, ಹಳೇ ಗಾಡಿ ಬರೋದು ನಿಂತ ಮ್ಯಾಲೆ ಗುಜರಿಗೆ ಹಾಕಿದ್ವಿ."

ಹೊಗೆ ಕೊಳವೆ ಎಂಜಿನ್ನಿಗೆ ಕೂಡುವ ಕಡೆ ಇದ್ದ ಹಿತ್ತಾಳೆ ನಟ್ಟುಗಳನ್ನು ತೋರಿಸಿದ. ಎರಡರ ಮೂಲೆಗಳು ಸವೆದು ದುಂಡಗಾಗಿದ್ದವು. ಮೂರನೆಯದಕ್ಕೆ ಅವನು ಉಳಿ ಇಟ್ಟು ಸುತ್ತಿಗೆ ಎತ್ತಿದ. ಒಂದು ಏಟು ಬಿತ್ತು. ಕಂದಿದ ಹಿತ್ತಾಳೆಯ ಮೇಲೆ ಹಸಿ ಗಾಯದಂಥ ಗೀರು. ಅಪ್ಪ ಆ ಕಾರಿನ ಹತ್ತಿರ ಸುತ್ತಿಗೆಯನ್ನು ತಂದದ್ದನ್ನು ನಾನು ನೋಡಿಯೇ ಇರಲಿಲ್ಲ.

"ನಿಲ್ಲಸ್ರಿ," ಅಂದೆ. "ಒಂದು ತಾಸು ಏನೂ ಮುಟ್ಟಬ್ಯಾಡ್ರಿ."

ಆಟೋ ಹಿಡಿದು ಮನೆಗೆ ಹೋಗಿ ಸುರುಳಿ ತಂದೆ. ವಾಪಸು ಬರುವಷ್ಟರಲ್ಲಿ ತಮ್ಮನೂ ಕಪ್ಪು ಕೋಟಿನಲ್ಲೇ ಬಂದು ನಿಂತಿದ್ದ. ಬೆಂಚಿನ ಮೇಲೆ ಸುರುಳಿ ಬಿಡಿಸಿದೆ. ಹನ್ನೊಂದೂ ಪಾನಾಗಳು, ಹನ್ನೊಂದರ ಮೇಲೂ ವರ್ಷಗಳ ಕುಂಕುಮದ ಕಲೆ. ಕಳೆದುಹೋದದ್ದು ನಿನ್ನೆ ಸಿಕ್ಕಿತು ಎಂದು ಹೇಳಲು ದಾರಿಯಲ್ಲೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಕುಂಕುಮ ಕಂಡ ಮೇಲೆ ಆ ಸುಳ್ಳಿಗೆ ಜಾಗ ಉಳಿಯಲಿಲ್ಲ. ತಮ್ಮ ಕುಂಕುಮವನ್ನೂ ನನ್ನನ್ನೂ ನೋಡಿದ. "ಚಲೋ ಇಟ್ಟೀಯಕ್ಕಾ," ಅಂದ. ವಕೀಲನಾಗಿ ಒಂದೇ ಒಂದು ಅಡ್ಡಪ್ರಶ್ನೆ ಕೇಳಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಎರಡು ವಾರ ದಿನಾ ಹೋದೆ. ಸೀರೆಯ ಸೆರಗು ಸಿಕ್ಕಿಸಿಕೊಂಡು ನಾನು ಬಿಚ್ಚುತ್ತಿದ್ದೆ, ಮೇಸ್ತ್ರಿ ತೊಳೆದು ಕೊಡುತ್ತಿದ್ದ, ಮತ್ತೆ ನಾನೇ ಬಿಗಿಯುತ್ತಿದ್ದೆ. ಸಂಜೆ ಸುರುಳಿ ನನ್ನ ಜೊತೆ ಮನೆಗೆ. ಖಂಡೇನವಮಿಯ ದಿನ ಕಾರು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಸ್ಟಾರ್ಟ್ ಆಯಿತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಎರಡನೆಯ ಸೀಟಿನಲ್ಲಿ ಯಾರು ಕೂರಬೇಕು? ತಮ್ಮನ ಹೆಂಡತಿ ಕೂತಳು, ಕೂರಬೇಕಾದವಳೇ. ಅವರು ಖಾನಾಪುರದ ಕಡೆ ಹೊರಟಾಗ ನಾನು ಪೇಢೆ ತಿನ್ನುತ್ತ ನಿಂತಿದ್ದೆ. ಪೇಢೆ ಬೂದಿಯ ಹಾಗಿತ್ತು. ಹೊರಡುವ ಮೊದಲು ಅವನು ಸೀಟಿನ ಹಿಂದಿನ ಖಾಲಿ ಗೂಡು ತೋರಿಸಿದ್ದ, ಮೊದಲು ಸುರುಳಿ ಇರುತ್ತಿದ್ದ ಜಾಗ. "ಇಲ್ಲೇ ಇಡೂಣೇನಕ್ಕಾ?" ಎಂದು ಕೇಳಿದ್ದ. "ಇಡಂಗಿಲ್ಲ. ಏನರ ಆದ್ರ ಅನಗೋಳಕ್ಕ ಬಾ," ಅಂದಿದ್ದೆ.

ಅವನು ಬಂದ. ತಿಂಗಳಿಗೆ ಒಂದು ಸಲವಾದರೂ ಬಂದ. ಕಾರನ್ನು ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದು ಬರುತ್ತಾನೆ, ಎಂಜಿನ್ ಸರಿ ಓಡುತ್ತಿಲ್ಲ ಅನ್ನುತ್ತಾನೆ. ನಾನು ಸುರುಳಿ ತೆಗೆದುಕೊಂಡು ಹೋಗುತ್ತೇನೆ. ಅವನು ಬಾಜೂಕ್ಕೆ ನಿಂತು ಪಾನಾ ಕೊಡುತ್ತಾನೆ. ಮೊದಮೊದಲು ತಪ್ಪು ಕೊಡುತ್ತಿದ್ದ. ನನ್ನ ಜಂಬಕ್ಕೆ ಅದೂ ಹಿತವಾಗಿತ್ತು.

ಹೋದ ಭಾನುವಾರ ನೋಡಿದರೆ ಕಾರ್ಬುರೇಟರ್ ಹಿಡಿದ ನಟ್ಟು ಸಡಿಲಾಗಿತ್ತು. ಹಿಂದಿನ ಸಲ ನಾನೇ ಬಿಗಿದದ್ದು. ನಾನು ಬಿಗಿದ ನಟ್ಟು ತಿಂಗಳಲ್ಲಿ ತಾನಾಗಿ ಸಡಿಲಾಗುವುದಿಲ್ಲ. ಬಗ್ಗಿ ನೋಡಿದೆ. ಮೂಲೆಗಳು ಹೊಸದಾಗಿ ಸವೆದಿದ್ದವು. ಹದಿನಾಲ್ಕರ ಪಾನಾದ ಕೆಲಸ.

"ಯಾರು ಮುಟ್ಟಿದ್ರಿದನ್ನ?" ಅಂದೆ.

ಅವನು ಸುರುಳಿಯ ಕಿಸೆಗಳನ್ನು ಸರಿಮಾಡುತ್ತ ನಿಂತ. ಹಾಗೆ ಸರಿಮಾಡುತ್ತಲೇ ಅಂದ: "ಗುಂಜ್ಯಾಗ ನಾ ಟೇಶನ್ನಿಗೆ ಯಾಕ ಓಡಿ ಹೋಗತಿದ್ದೆ ಗೊತ್ತೇನಕ್ಕಾ? ನೀನೂ ಅಪ್ಪಾನೂ ಬಾನೆಟ್ ತಗದು ನಿಂತ್ರಂದ್ರ ಮೂರನೇದಾವಗ ನಿಲ್ಲಾಕ ಜಾಗಾನ ಇರತಿರಲಿಲ್ಲ."

ಪಾಪ ಅನ್ನಿಸಬೇಕಿತ್ತು. ಸುಳ್ಳು ಯಾಕೆ, ನನಗೆ ಮೊದಲು ಆದದ್ದು ಖುಷಿ. ಇಷ್ಟು ವರ್ಷ ಅವನ ಹೊಟ್ಟೆಯೂ ಉರಿದಿತ್ತಲ್ಲ ಎಂಬ ಖುಷಿ. ಪಾಪ ಅನ್ನಿಸಿದ್ದು ಆಮೇಲೆ, ಅವನ ಕೈ ನೋಡಿದಾಗ. ಪಾನಾ ಜಾರಿ ಬಡಿದು ಬೆರಳ ಗೆಣ್ಣು ಸುಲಿದಿತ್ತು, ಅದಕ್ಕೆ ಪಟ್ಟಿ ಹಚ್ಚಿದ್ದ.

ನಾನು ಕಣ್ಣು ಎತ್ತದೆ ಕೈ ಚಾಚಿದೆ. "ಕಾಲು." ಸರಿಯಾದದ್ದನ್ನೇ ಕೊಟ್ಟ. ನಟ್ಟು ಬಿಗಿದು ಪಾನಾ ಒರೆಸಿದೆ. ಸುರುಳಿಯಲ್ಲಿ ಅದರ ಕಿಸೆಗೆ ಹಾಕಲಿಲ್ಲ, ಅವನ ಅಂಗಿಯ ಕಿಸೆಗೆ ಹಾಕಿದೆ.

"ಮುಂದಿನ ಸಲ ಸಡಲ ಮಾಡೂದಿದ್ರ ಇದರಲೇ ಮಾಡು," ಅಂದೆ. "ನಟ್ಟು ಹಾಳಾಗಬಾರದು."