ಟಿ.ವಿ. ಕೂತ ಜಾಗದಲ್ಲಿ ಮಲಗುತ್ತಿದ್ದವಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ಚಾದರದಕ್ಕ ಎಂದೇ ಕರೆಯುತ್ತಿದ್ದರು. ರಾತ್ರಿ ಪಾಳಿಯ ಕೆಲಸ. ಊರು ಹಾಸಿಗೆ ಬಿಡಿಸುವ ಹೊತ್ತಿಗೆ ಆಕೆ ಚಪ್ಪಲಿ ಮೆಟ್ಟುತ್ತಿದ್ದಳು. ಊರು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದಳು. ಕೆಲಸ ಹೇಳುವುದಕ್ಕೆ ಸುಲಭ. ಒಗೆದ ಚಾದರಗಳನ್ನು ಬಿಸಿ ರೋಲರಿಗೆ ಕೊಡಬೇಕು, ಆಚೆಯಿಂದ ಬಂದದ್ದನ್ನು ಇಬ್ಬರು ಹಿಡಿದು ಮಡಿಸಬೇಕು. ಈ ತುದಿ ಒಬ್ಬಳು, ಆ ತುದಿ ಒಬ್ಬಳು. ಮೂಲೆಗೆ ಮೂಲೆ ಸೇರಿಸಿ, ಒಮ್ಮೆ ಕೊಡವಿ, ಒಬ್ಬರ ಕಡೆಗೊಬ್ಬರು ನಡೆದು ಬಂದು, ಮತ್ತೆ ಹಿಂದೆ ಸರಿಯಬೇಕು. ಇಷ್ಟು ನಡೆದರೂ ಎಲ್ಲಿಗೂ ಹೋಗಿ ಮುಟ್ಟಿದ ಹಾಗಾಗುತ್ತಿರಲಿಲ್ಲ.

ಆಕೆಯ ಜೋಡಿ ಒಬ್ಬ ಎತ್ತರದ ಹೆಂಗಸು. ಬಾಯಿ ಜೋರು, ಮನಸ್ಸು ಮೆತ್ತಗೆ. ಅವಳನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಚಾದರದಕ್ಕನ ಗಂಡ ಬಣ್ಣ ಬಳಿಯುವವನು. ಯಾರದೋ ಮನೆಯ ಹೊರಗೋಡೆಗೆ ಬಣ್ಣ ಹೊಡೆಯುವಾಗ ಏಣಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. "ನಿನ್ನ ಗಂಡನನ್ನ ಕೆಡವಿದ್ದೂ ಏಣಿ, ನಿನ್ನನ್ನ ನಿಲ್ಲಿಸಿರೋದೂ ಏಣಿ, ಲೆಕ್ಕ ಸರಿಹೋಯ್ತು ಬಿಡು" ಎಂದು ಅವಳು ನಗಿಸುತ್ತಿದ್ದಳು. ಚಾದರದಕ್ಕ ನಗುತ್ತಿದ್ದಳು. ಸುಸ್ತಾದವರ ನಗು ತುಟಿಯವರೆಗೆ ಬಂದು ಅಲ್ಲೇ ಕೂತುಬಿಡುತ್ತದೆ, ಅಂಥ ನಗು.

ಹೋದ ತಿಂಗಳು ರೋಲರಿನ ಮುಂದೆ ನಿಂತಾಗಲೇ ಆಕೆಯ ಕಣ್ಣು ಮುಚ್ಚಿಬಿಟ್ಟಿತ್ತು. ಬೆರಳ ತುದಿ ಸುಟ್ಟಿತು. ಮೇಲ್ವಿಚಾರಕ ಕೂಗಾಡಿದ್ದರೆ ಆಕೆಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಆತ ಮೆಲ್ಲಗೆ ಪಕ್ಕಕ್ಕೆ ಕರೆದು ಹೇಳಿದ: "ಅಮ್ಮಾ, ಇನ್ನೊಂದು ಸಲ ತೂಕಡಿಸಿದ್ರೆ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ. ನಿಮ್ಮ ಕೈ ಹೋದ್ರೆ ಅದರ ಹಿಂದೆ ನನ್ನ ತಲೆ ಹೋಗುತ್ತೆ." ಮಗ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಿದ್ದ, ಆ ಕೆಲಸ ಇವತ್ತಿದ್ದರೆ ನಾಳೆಗಿಲ್ಲ. ಹಾಗಾಗಿ ಮನೆ ನಿಂತಿದ್ದದ್ದು ಆಕೆಯ ರಾತ್ರಿ ಪಾಳಿಯ ಮೇಲೆ. ರಾತ್ರಿ ಪಾಳಿ ನಿಂತಿದ್ದದ್ದು ಹಗಲು ನಿದ್ದೆಯ ಮೇಲೆ.

ಆ ಹಗಲು ನಿದ್ದೆಗೆಂದು ಇದ್ದದ್ದು ಮನೆಯ ಒಳಕೋಣೆ. ಅಂಗೈ ಅಗಲದ ಕೋಣೆ ಎಂದರೆ ಅಂಗೈಗೇ ಅವಮಾನ. ಒಂದು ಕಬ್ಬಿಣದ ಒಂಟಿ ಮಂಚ, ಒಂದು ಬೀರು, ಎತ್ತರದಲ್ಲೊಂದು ಕಿಟಕಿ. ಮಂಚದ ಮೇಲೆ ಗಂಡ ಕಾಲಿನಡಿಗೆ ದಿಂಬು ಕೊಟ್ಟುಕೊಂಡು ಮಲಗಿರುತ್ತಿದ್ದ. ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ಮಲಗುವಷ್ಟು ನೆಲ. ಬೆಳಿಗ್ಗೆ ಬಂದವಳು ಮಂಚದ ಕೆಳಗಿಂದ ತನ್ನ ಹಾಸಿಗೆ ಎಳೆದು ಅಲ್ಲಿ ಬಿಡಿಸಿ, ಕಿಟಕಿಗೆ ಹಳೆಯ ಚಾದರ ಇಳಿಬಿಟ್ಟು, ಗೋಡೆಗೆ ಮುಖ ಮಾಡಿ ಒಂದು ಮಾತಿನ ಪ್ರಾರ್ಥನೆ ಹೇಳಿ ಮಲಗುತ್ತಿದ್ದಳು. ದೊಡ್ಡ ಪ್ರಾರ್ಥನೆಗೆ ಎಚ್ಚರ ಸಾಲುತ್ತಿರಲಿಲ್ಲ; ಕೇಳುವವನಿಗೆ ಅದು ಗೊತ್ತಿರುತ್ತದೆ ಎಂಬ ಧೈರ್ಯ. ತವರಿನಲ್ಲಿ ಮನೆತುಂಬ ಮಕ್ಕಳ ಕಾಲು ಕೈಗಳ ನಡುವೆ ಮಲಗಿ ಬೆಳೆದವಳಿಗೆ ಗೋಡೆಬದಿಯ ಜಾಗ ಎಂದರೆ ಅರಮನೆ. ಸಂಜೆ ಎದ್ದ ತಕ್ಷಣ ಹಾಸಿಗೆ ಸುತ್ತಿ ಮಂಚದ ಕೆಳಗೆ ತಳ್ಳಿ, ನೆಲ ಗುಡಿಸಿಬಿಡುತ್ತಿದ್ದಳು. ಅಲ್ಲಿ ಯಾರೋ ಮಲಗಿದ್ದರು ಎನ್ನುವುದಕ್ಕೆ ಒಂದು ಕೂದಲೂ ಸಾಕ್ಷಿ ಹೇಳುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟು.

ಟಿ.ವಿ. ಇದ್ದದ್ದು ಮುಂದಿನ ಕೋಣೆಯಲ್ಲಿ. ಗಂಡ ಒಳಗಿನಿಂದಲೇ, ತೆರೆದ ಬಾಗಿಲಿನ ಸಂದಿಯಲ್ಲಿ ಅದರ ಅರ್ಧಭಾಗ ನೋಡುತ್ತಿದ್ದ. ಉಳಿದರ್ಧ ಕಿವಿಯಲ್ಲಿ. ಅಷ್ಟರಲ್ಲಿ ಸೊಸೆ ಹೆತ್ತಳು. ಮುಂದಿನ ಕೋಣೆ ಮಗ, ಸೊಸೆ, ಕೂಸಿನದಾಯಿತು. ಟಿ.ವಿ. ಬಾಯಿ ತೆರೆದರೆ ಕೂಸೂ ಬಾಯಿ ತೆರೆಯುತ್ತಿತ್ತು.

"ಮಾವಾ, ಸ್ವಲ್ಪ ಸೌಂಡ್ ಕಮ್ಮಿ ಮಾಡ್ಲಾ?" ಎಂದು ಸೊಸೆ ಕೇಳಿದರೆ ಆತ, "ಮಾಡಮ್ಮಾ, ಚಿತ್ರ ಅರ್ಧ, ಸೌಂಡೂ ಅರ್ಧ. ಎರಡೂ ಸೇರಿ ಒಂದಾಗುತ್ತೆ" ಎನ್ನುತ್ತಿದ್ದ. ಮಾತು ತಮಾಷೆ, ಆದರೆ ಹೇಳಿ ಮುಗಿಸಿ ಗೋಡೆ ಕಡೆ ಹೊರಳುತ್ತಿದ್ದ. ಮೂಳೆ ಕೂಡಿದೆ, ಎದ್ದು ಕೂರಿ, ಕೋಲು ಹಿಡಿದು ನಡೆಯಿರಿ ಎಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಆತ ಬಚ್ಚಲಿಗೆ ಹೋಗುವುದು ಬಿಟ್ಟರೆ ಮಂಚ ಬಿಡುತ್ತಿರಲಿಲ್ಲ. ಬಿದ್ದವನಿಗೆ ನೆಲದ ಮೇಲಿನ ನಂಬಿಕೆ ಹೋಗಿತ್ತು.

ಟಿ.ವಿ.ಯನ್ನು ಒಳಕೋಣೆಗೆ ಸಾಗಿಸಬೇಕು ಎಂದು ಎಲ್ಲರಿಗೂ ಅನ್ನಿಸಿತು. ಚಾದರದಕ್ಕನಿಗೂ. ಹೆಡ್‌ಫೋನ್ ಹಾಕಿಕೊಂಡು ನೋಡುತ್ತೇನೆ, ನಿನ್ನ ನಿದ್ದೆಗೆ ಏನೂ ಆಗುವುದಿಲ್ಲ ಎಂದು ಗಂಡ ಮಾತು ಕೊಟ್ಟ. ಉಳಿದದ್ದು ಒಂದೇ ಪ್ರಶ್ನೆ: ಎಲ್ಲಿ ಇಡುವುದು?

ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮನೆ ಮಾಲೀಕ ಕಡ್ಡಿ ಮುರಿದಂತೆ ಹೇಳಿದ್ದ. ಹೊಡೆದಿದ್ದರೂ ಆ ಗೋಡೆ ಟಿ.ವಿ. ಹೊರುತ್ತಿರಲಿಲ್ಲ, ತನ್ನನ್ನು ತಾನು ಹೊತ್ತದ್ದೇ ಹೆಚ್ಚು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಶುರುವಾಗುವ ಮೊದಲು, ಬಟ್ಟೆ ಬದಲಿಸುವ ಕೋಣೆಯಲ್ಲಿ ಆಳಿಗೊಂದು ಸಲಹೆ ಬಂತು.

"ಬೀರು ಮೇಲೆ ಇಟ್ಬಿಡಿ, ಕೆಳಗೆ ರಬ್ಬರ್ ಚಾಪೆ ಹಾಕಿ" ಎಂದಳೊಬ್ಬಳು.

"ಮಂಚದ ಕಾಲ್ದೆಸೆ ಕಂಬಿಗೆ ತಂತಿಲಿ ಕಟ್ಟು. ನಮ್ಮಕ್ಕನ ಮನೇಲಿ ಹಂಗೇ ಇದೆ."

"ನಿಮ್ಮಕ್ಕನ ಗಂಡ ಮಗ್ಗುಲು ಬದಲಾಯಿಸಿದ್ರೆ ಸುದ್ದಿ ಓದೋಳು ಕುಣೀತಾಳಾ?" ಎಂದಳು ಏಣಿ.

"ಒಂದು ಟ್ರಂಕ್ ನಿಲ್ಲಿಸಿ ಅದರ ಮೇಲೆ ಇಡು, ಒಳಗೆ ಸಾಮಾನೂ ಇಡ್ಬಹುದು."

"ಮೂಲೆಲಿ ಹಗ್ಗ ಕಟ್ಟಿ ಹಲಗೆ ತೂಗುಹಾಕು."

"ತೊಟ್ಟಿಲು ಅಂದ್ಕೊಂಡು ಮೊಮ್ಮಗೂನ ಅದ್ರಲ್ಲಿ ಹಾಕ್ಬಿಟ್ಟಾರು" ಎಂದಳು ಏಣಿ. ಎಲ್ಲರೂ ನಕ್ಕರು. ಚಾದರದಕ್ಕ ಎಲ್ಲವನ್ನೂ ಮನೆಗೆ ಹೊತ್ತು ತಂದು ಗಂಡನ ಮುಂದೆ ಸುರಿದಳು. ಬೀರುವಿನ ಮೇಲೆ ಆತ ಒಪ್ಪಲಿಲ್ಲ. "ಜೀವಮಾನವೆಲ್ಲ ಕತ್ತು ಮೇಲೆತ್ತಿ ಜನರ ಸೂರಿಗೆ ಬಣ್ಣ ಬಳಿದೆ. ಈಗ ಮಲಗಿದ ಮೇಲೂ ಮೇಲೆ ನೋಡ್ಬೇಕಾ?" ಟ್ರಂಕನ್ನು ಕಾಲ್ದೆಸೆಯಲ್ಲಿ ಇಟ್ಟರೆ ಬಾಗಿಲು ತೆರೆಯುತ್ತಿರಲಿಲ್ಲ. ಕಿಟಕಿಯಲ್ಲಿ ಇಟ್ಟರೆ ಗಾಳಿ ಇಲ್ಲ.

ಹೀಗಿರುವಾಗ ಒಂದು ರಾತ್ರಿ ಆಕೆ ಕೆಲಸಕ್ಕೆ ಹೋದ ಮೇಲೆ ಮಗ ಟೇಪು ಹಿಡಿದು ಕೋಣೆ ಅಳೆದ. ಮನೆಯಲ್ಲಿ ಅವನಿಗೆ ಬಿಡುವಿರುತ್ತಿದ್ದದ್ದೇ ಆ ಹೊತ್ತು. ಅಳೆದು, ತಲೆ ಕೆರೆದುಕೊಂಡು, ನೆಲ ನೋಡಿ, "ಅಪ್ಪಾ, ಇಲ್ಲೇ ಇಷ್ಟು ಜಾಗ ಖಾಲಿ ಬಿದ್ದಿದೆಯಲ್ಲ" ಎಂದ. ಅಪ್ಪ ಹೊರಳಿ ನೋಡಿದ. ಹೌದಲ್ಲ ಎಂದ.

ಮಾರನೆಯ ಬೆಳಿಗ್ಗೆ ಚಾದರದಕ್ಕ ಮನೆಗೆ ಬಂದಾಗ ಎಲ್ಲರೂ ಒಳಕೋಣೆಯಲ್ಲೇ ಇದ್ದರು. ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಗೋಡೆಬದಿಯಲ್ಲಿ ಹಣ್ಣಿನಂಗಡಿಯ ಮರದ ಪೆಟ್ಟಿಗೆಗಳು ಒಂದರ ಪಕ್ಕ ಒಂದು, ಮೇಲೆ ಗಂಡನ ಹಳೆಯ ಅಟ್ಟಣಿಗೆಯ ಹಲಗೆ, ಹಲಗೆಯ ಮೇಲೆ ಟಿ.ವಿ. ಮಲಗಿದವನ ಕಣ್ಣಿಗೆ ಸರಿಯಾಗಿ, ಮಂಚದ ಕಡೆ ಸ್ವಲ್ಪ ತಿರುಗಿಸಿ ಕೂರಿಸಿದ್ದರು. ಪೆಟ್ಟಿಗೆಗಳಿಗೆಲ್ಲ ತಿಳಿನೀಲಿ ಬಣ್ಣ. ಪೆಟ್ಟಿಗೆಯ ಒರಟು ಎಲ್ಲಿಯೂ ಕಾಣದಂತೆ, ಅಂಚು ಅಂಚಿಗೂ ಕೂತ ಬಣ್ಣ.

"ಯಾರು ಬಳಿದಿದ್ದು?" ಎಂದು ಆಕೆ ಕೇಳಿದಳು, ಗೊತ್ತಿದ್ದೂ.

"ಮುಟ್ಬೇಡ, ಹಸಿ ಇದೆ" ಎಂದ ಗಂಡ ಮಂಚದ ಮೇಲಿಂದ. ಆತನ ಬೆರಳ ಸಂದಿಯಲ್ಲಿ ನೀಲಿ ಇತ್ತು. ಬಿದ್ದ ಮೇಲೆ ಆತ ಬ್ರಷ್ ಹಿಡಿದದ್ದು ಇದೇ ಮೊದಲು.

"ಹೇಗಿದೆ ಅತ್ತೆ? ಖರ್ಚು ಏನೂ ಇಲ್ಲ ನೋಡಿ" ಎಂದಳು ಸೊಸೆ.

ಆಕೆ ಪೆಟ್ಟಿಗೆ ನೋಡಿದಳು, ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಬಹಳ ದಿನದ ಮೇಲೆ ಒಂದು ದೀಪ ಹತ್ತಿತ್ತು. ಅದನ್ನು ಊದಿ ಆರಿಸುವ ಬಾಯಿ ಆಕೆಗೆ ಬರಲಿಲ್ಲ. "ಚೆನ್ನಾಗಿದೆ" ಎಂದಳು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಚದುರಿದ ಮೇಲೆ, ಮಂಚದ ಕೆಳಗಿಂದ ಹಾಸಿಗೆ ಎಳೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಳು. ಗಂಡ ಹೆಡ್‌ಫೋನ್ ಹಾಕಿಕೊಂಡು ಆಗಲೇ ಟಿ.ವಿ.ಯೊಳಗೆ ಹೋಗಿದ್ದ.

ಆಕೆ ಅಡುಗೆಮನೆಯಲ್ಲಿ ಹಾಸಿದಳು. ತಲೆ ಸಿಲಿಂಡರಿನ ಕಡೆ, ಕಾಲು ಬಾಗಿಲಿನ ಕಡೆ. ಸೊಸೆ ಬಾಣಂತಿ, ಬಿಸಿನೀರು ಬೇಕು, ಕೂಸಿನ ಬಟ್ಟಲು ಕುದಿಸಬೇಕು. ಪಾಪ, ಅವಳು ದಾಟುವಾಗೆಲ್ಲ "ಅತ್ತೆ, ಸ್ವಲ್ಪ" ಎನ್ನುವಳು. ಅತ್ತೆ ಕಾಲು ಮಡಚುವಳು. "ಇಲ್ಲಿ ಯಾಕೆ ಮಲಗಿದ್ರಿ?" ಎಂದು ಕೇಳಿದ್ದಕ್ಕೆ, "ಇಲ್ಲಿ ತಂಪು" ಎಂದಳು. ಅಡುಗೆಮನೆಯಲ್ಲಿ ತಂಪು! ಆದರೆ ಕೂಸು ಅಳುತ್ತಿದ್ದ ಮನೆಯಲ್ಲಿ ಅದನ್ನು ಯೋಚಿಸಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಮೊದಲ ದಿನ ಹಾಗೆ ಹೋಯಿತು, ಮರುದಿನವೂ, ಅದರ ಮರುದಿನವೂ. ದೇವರೇ, ಒಂದು ದಾರಿ ತೋರಿಸು ಎಂದು ಆಕೆ ಬೇಡಿಕೊಳ್ಳುತ್ತಿದ್ದಳು, ಬೇಡುವಾಗಲೂ ಯಾರ ಮೇಲೂ ದೂರು ಹೇಳದೆ. ದೂರಿಲ್ಲದ ಪ್ರಾರ್ಥನೆಗೆ ದೇವರಾದರೂ ಎಲ್ಲಿಂದ ಶುರುಮಾಡಬೇಕು?

ವಾರ ಕಳೆಯುವಷ್ಟರಲ್ಲಿ, ಪಾಳಿ ಮುಗಿದು ಹೊರಗೆ ಬೆಳಕು ಹರಿಯುತ್ತಿದ್ದಾಗ, ಕೊನೆಯ ಗಂಟಿನ ಚಾದರ ಮಡಿಸುತ್ತಿದ್ದರು. ಆಕೆ ಮೂಲೆ ಹಿಡಿದು ಏಣಿಯ ಕಡೆ ನಡೆದು ಬಂದವಳು ಹಿಂದೆ ಸರಿಯಲಿಲ್ಲ. ನಡೆಯುತ್ತಲೇ ನಿದ್ದೆ ಹೋಗಿ, ಹಣೆಯನ್ನು ಏಣಿಯ ಎದೆಗೆ ಆನಿಸಿಬಿಟ್ಟಿದ್ದಳು. ಮೇಲ್ವಿಚಾರಕ ಬಾಗಿಲಿನ ಬಳಿ ಯಾರೊಂದಿಗೋ ಮಾತಾಡುತ್ತಿದ್ದ. ಏಣಿ ಚಾದರವನ್ನು ಕೊಡವುವ ನೆಪದಲ್ಲಿ ಮೇಲೆತ್ತಿ ಪರದೆಯ ಹಾಗೆ ಹಿಡಿದಳು. ತಾನು ಎತ್ತರ ಬೆಳೆದದ್ದು ಇದಕ್ಕೇ ಎನ್ನುವ ಹಾಗೆ ಹಿಡಿದು ನಿಂತಳು. ಆತ ಹೋದ ಮೇಲೆ ಮೊಣಕೈಯಿಂದ ತಿವಿದಳು.

"ಇದು ಎಷ್ಟು ದಿನದಿಂದ?"

ಚಾದರದಕ್ಕ ಹೇಳಿದಳು. ಪೆಟ್ಟಿಗೆ, ಹಲಗೆ, ನೀಲಿ ಬಣ್ಣ, ಅಡುಗೆಮನೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಿನಗೆ ಹಾಸಿಗೆ ಬಿಡಿಸೋಕೇ ಜಾಗ ಇಲ್ಲ, ಕಾಲಿನ ಮಾತೆಲ್ಲಿ" ಎಂದಳು ಏಣಿ. "ಅವರಿಗೆ ಹೇಳಿದ್ಯಾ?"

"ದೇವರ ಹತ್ರ ಹೇಳ್ಕೊಂಡಿದ್ದೀನಿ."

"ಒಳ್ಳೇದಾಯ್ತು. ಆದ್ರೆ ದೇವರು ಅಲ್ಲಿ ಪೆಟ್ಟಿಗೆ ಜೋಡಿಸಿಲ್ಲ. ಜೋಡಿಸಿದೋರಿಗೆ ಹೇಳು." ಮಡಿಸಿದ ಚಾದರವನ್ನು ಗಂಟಿನ ಮೇಲಿಟ್ಟು ಮತ್ತೆ ಹೇಳಿದಳು: "ನಾನು ಎಷ್ಟು ಸಲ ಅಂತ ಚಾದರ ಎತ್ತಿ ಹಿಡೀಲಿ? ನನಗೂ ತೋಳು ನೋಯುತ್ತೆ ಕಣೇ."

ಬಸ್ಸಿನಲ್ಲಿ ಆಕೆ ನಿದ್ದೆ ಮಾಡಲಿಲ್ಲ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಮಡಿಸಿ ಮಡಿಸಿ ಇಟ್ಟಳು. ಮನೆಗೆ ಬಂದು, ಕಾಲು ತೊಳೆದು, ಒಳಕೋಣೆಗೆ ಹೋಗಿ ಗಂಡನ ಕಿವಿಯಿಂದ ಹೆಡ್‌ಫೋನ್ ತೆಗೆದಳು.

"ರೀ, ನಾನು ಎಲ್ಲಿ ಮಲಗ್ಲಿ?"

"ಯಾಕೆ, ಅಡುಗೆಮನೆ ತಂಪಾಗಿದೆ ಅಂದ್ಯಂತಲ್ಲ."

"ಅದಕ್ಕೂ ಮೊದ್ಲು ಎಲ್ಲಿ ಮಲಗ್ತಿದ್ದೆ?"

ಆತ ಗೋಡೆಯ ಕಡೆ ಹೊರಳಿದ. ನೀಲಿ ಪೆಟ್ಟಿಗೆಗಳನ್ನು ನೋಡಿದ, ಅವುಗಳ ಕೆಳಗಿನ ನೆಲ ನೋಡಿದ. ದಿನವೂ ತನ್ನ ಮಗ್ಗುಲಲ್ಲೇ ಮಲಗಿ ಉಸಿರಾಡುತ್ತಿದ್ದವಳು ಇರುತ್ತಿದ್ದ ಜಾಗ. ಮಗ ಹೊರಡಲು ಚಪ್ಪಲಿ ಹಾಕುತ್ತಿದ್ದವನು ಒಳಗೆ ಬಂದು ಎಲ್ಲ ಕೇಳಿಸಿಕೊಂಡು, ತಲೆ ತಗ್ಗಿಸಿ, "ಅಮ್ಮಾ, ನಾನು ಅಳತೆ ಹಿಡಿದಾಗ ನೀನು ಇರ್ಲಿಲ್ಲ... ಖಾಲಿ ಅಂದ್ಕೊಂಡೆ. ಈಗಲೇ ತೆಗೆದ್ಬಿಡ್ತೀನಿ" ಎಂದ.

"ಬೇಡ" ಎಂದಳು ಆಕೆ. "ನಿಮ್ಮಪ್ಪ ಬಣ್ಣ ಹೊಡೆದಿದ್ದಾರೆ. ಅದು ಅಲ್ಲೇ ಇರ್ಲಿ." ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಏಳಿ."

"ನಾನಾ?"

"ಮಧ್ಯಾಹ್ನದವರೆಗೆ ಮಂಚ ನನಗೆ. ಆಮೇಲೆ ನಿಮಗೆ. ಕೂರ್ಬೇಕು, ನಡೀಬೇಕು ಅಂತ ಡಾಕ್ಟರೂ ಹೇಳಿದ್ದಾರಲ್ಲ."

"ಕಾಲು ಮುರಿದೋನನ್ನ ಮಂಚದಿಂದ ಇಳಿಸ್ತಾಳೆ ನೋಡಪ್ಪಾ ನಿಮ್ಮಮ್ಮ" ಎಂದು ಆತ ಮಗನಿಗೆ ದೂರಿದ. ಮಗ ಕೋಲು ತಂದು ಕೊಟ್ಟ. "ಮತ್ತೆ ಬಿದ್ರೆ?" ಎಂದ ಆತ, ಈ ಸಲ ಮೆಲ್ಲಗೆ, ಆಕೆಗೆ ಮಾತ್ರ.

"ಬಿದ್ರೆ ಎತ್ತೋಕೆ ನಾನು ಎಚ್ಚರ ಇರ್ಬೇಕಲ್ಲ. ಅದಕ್ಕೇ ಮಲಗ್ತೀನಿ ಅಂತಿರೋದು."

ಆತ ಎದ್ದ. ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಮ್ಮಾ ಅಯ್ಯೋ ಎಲ್ಲ ಆಯಿತು. ಮಗನ ಹೆಗಲು ಹಿಡಿದು ಬಾಗಿಲು ದಾಟಿ, ಕೂಸಿನ ಪಕ್ಕದಿಂದ ಹಾದು, ಹೊರಗೆ ಮೆಟ್ಟಿಲ ಬಳಿಯ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತ. ಬಿಸಿಲು ಕಣ್ಣಿಗೆ ಹೊಡೆದು ಮುಖ ಸಿಂಡರಿಸಿದ.

ಚಾದರದಕ್ಕ ಕಿಟಕಿಗೆ ಚಾದರ ಇಳಿಬಿಟ್ಟಳು. ಮಂಚದ ಮೇಲೆ ಕಾಲು ಚಾಚಿದಳು. ಎಷ್ಟೋ ಕಾಲದ ಮೇಲೆ ನೆಲದಿಂದ ಮೇಲೆ ಮಲಗಿದ್ದಳು. ಹಾಸಿಗೆಯಲ್ಲಿ ಗಂಡನ ಮೈಯ ತಗ್ಗು ಹಾಗೇ ಇತ್ತು, ಅದಕ್ಕೆ ಆಕೆಯ ಮೈ ಸರಿಹೊಂದಲಿಲ್ಲ. ಒಂದು ಮಗ್ಗುಲಾಗಿ ಅಂಚಿಗೆ ಸರಿದಳು. ಹೊರಗೆ ಪಕ್ಕದ ಮನೆಯವನ ದನಿ ಕೇಳಿಸಿತು.

"ಏನ್ ಯಜಮಾನ್ರೇ, ಅಪರೂಪ. ಹೊರಗೆ ಬಂದ್ಬಿಟ್ಟಿದ್ದೀರಿ?"

"ಮೆಲ್ಲಗೆ ಮಾತಾಡಪ್ಪಾ" ಎಂದ ಗಂಡ. "ಒಳಗೆ ಇನ್ನೂ ರಾತ್ರಿ."

ಕಾಲು ಕೆಳಗೆ ಇಳಿಬಿಟ್ಟುಕೊಂಡು ಕೂತಿರುತ್ತಾನೆ, ಊದಿಕೊಳ್ಳುತ್ತದೆ, ಮುಂದೆ ಒಂದು ಸ್ಟೂಲು ಹಾಕಿಕೊಳ್ಳಿ ಎಂದು ಕೂಗಿ ಹೇಳಬೇಕು ಅಂದುಕೊಂಡಳು. ಅಂದುಕೊಳ್ಳುತ್ತಿರುವಾಗಲೇ ನಿದ್ದೆ ಬಂದು ಆಕೆಯನ್ನು ಕರೆದುಕೊಂಡು ಹೋಯಿತು.